ಮಹಾಯುದ್ಧ ಮನೆ ಬಾಗಿಲಿಗೆ ಬರುವ ದಾರಿ

ಉಕ್ರೇನಿನ ಮೇಲೆ ರಷ್ಯಾ 2022ರ ಫೆಬ್ರುವರಿ 24ರಂದು ದಾಳಿ ಮಾಡಿದಾಗಿನಿಂದ ‘ಮೂರನೇ ಮಹಾಯುದ್ಧ’ ಎಂಬ ಮಾತು ನಮ್ಮ ಟಿವಿ ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಯಾವ ದೇಶದ ಬಳಿ ಎಷ್ಟು ಕ್ಷಿಪಣಿಗಳಿವೆ, ಯಾರ ಬತ್ತಳಿಕೆಯಲ್ಲಿ ಎಷ್ಟು ಅಣ್ವಸ್ತ್ರಗಳಿವೆ ಎಂಬ ಲೆಕ್ಕದಲ್ಲಿಯೇ ಈ ಚರ್ಚೆಗಳು ಸಾಮಾನ್ಯವಾಗಿ ಮುಗಿದುಹೋಗುತ್ತವೆ. ಒಂದು ಪ್ರಾದೇಶಿಕ ಜಗಳ ಯಾವ ಹಂತದಲ್ಲಿ, ಯಾರ ತೀರ್ಮಾನದಿಂದ ಜಗತ್ತಿನ ಯುದ್ಧವಾಗಿ ಬದಲಾಗುತ್ತದೆ, ಹಾಗೆ ಬದಲಾದ ಮೇಲೆ ರಣರಂಗದಿಂದ ಸಾವಿರಾರು ಮೈಲಿ ದೂರದಲ್ಲಿರುವವರ ಅನ್ನ, ಕೂಲಿ, ಹಣ ಮತ್ತು ಹಕ್ಕುಗಳ ಗತಿ ಏನಾಗುತ್ತದೆ ಎಂಬ ಪ್ರಶ್ನೆಗಳು ಬದಿಗೆ ಸರಿಯುತ್ತವೆ. ಈ ಪ್ರಶ್ನೆಗಳನ್ನು ಬಿಡಿಸಿ ನೋಡಲು 1914ಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಆ ವರ್ಷದ ತಂತಿ ಸಂದೇಶಗಳು, ರಾಯಭಾರಿಗಳ ಪತ್ರಗಳು ಬಹುಪಾಲು ಪ್ರಕಟವಾಗಿವೆ. ಯಾವ ದಿನ ಯಾವ ಬಾಗಿಲು ಮುಚ್ಚಿಕೊಂಡಿತು ಎಂಬುದನ್ನು ಗಂಟೆಗಳ ಲೆಕ್ಕದಲ್ಲಿ ಹೇಳಬಹುದಾಗಿದೆ.

1914ರ ಜೂನ್ 28ರಂದು ಸರಾಯೆವೊ ನಗರದಲ್ಲಿ ಆಸ್ಟ್ರಿಯಾ-ಹಂಗೆರಿಯ ಯುವರಾಜ ಫ್ರಾನ್ಜ್ ಫರ್ಡಿನಾಂಡ್ ಮತ್ತು ಆತನ ಪತ್ನಿ ಸೋಫಿ ಅವರನ್ನು ಗವ್ರಿಲೊ ಪ್ರಿನ್ಸಿಪ್ ಎಂಬ 19 ವರ್ಷದ ಯುವಕ ಗುಂಡಿಕ್ಕಿ ಕೊಂದ. ಶಾಲಾ ಪಠ್ಯಗಳು ಯುದ್ಧದ ಕಾರಣವನ್ನು ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಆ ಗುಂಡಿಗೂ ಮೊದಲ ಯುದ್ಧ ಘೋಷಣೆಗೂ ನಡುವೆ ಸರಿಯಾಗಿ ಮೂವತ್ತು ದಿನಗಳ ಅಂತರವಿತ್ತು. ಆ ಮೂವತ್ತು ದಿನಗಳಲ್ಲಿ ಯೂರೋಪು ಬೇಸಿಗೆ ರಜೆಯಲ್ಲಿತ್ತು. ಜರ್ಮನಿಯ ಚಕ್ರವರ್ತಿ ಕೈಸರ್ ತನ್ನ ವಿಹಾರ ನೌಕೆಯಲ್ಲಿ ನಾರ್ವೆಯ ಕಡೆಗೆ ಹೋಗಿದ್ದ. ಹೊರಡುವ ಮುನ್ನ, ಜುಲೈ 5 ಮತ್ತು 6ರಂದು, ಆಸ್ಟ್ರಿಯಾ ಕೊಲೆಯ ಹೊಣೆ ಹೊರಿಸಿದ್ದ ನೆರೆಯ ಸರ್ಬಿಯಾದ ವಿರುದ್ಧ ಏನೇ ಮಾಡಿದರೂ ಜರ್ಮನಿ ಬೆನ್ನಿಗಿರುತ್ತದೆ ಎಂಬ ಭರವಸೆಯನ್ನು ಅವನ ಸರ್ಕಾರ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೆ ಕೊಟ್ಟಿತ್ತು. ನನ್ನ ದೃಷ್ಟಿಯಲ್ಲಿ ಆ ತಿಂಗಳ ಅತ್ಯಂತ ದುಬಾರಿ ತೀರ್ಮಾನ ಅದು. ಮಿತ್ರನಿಗೆ ಷರತ್ತಿಲ್ಲದ ಮಾತು ಕೊಟ್ಟವನು ತನ್ನ ಯುದ್ಧ-ಶಾಂತಿಗಳ ಕೀಲಿಕೈಯನ್ನು ಇನ್ನೊಬ್ಬನಿಗೆ ಒಪ್ಪಿಸಿದಂತಾಯಿತು.

ವಿಯೆನ್ನಾ ಕೂಡಲೇ ಹೊಡೆಯಲಿಲ್ಲ. ಅದಕ್ಕಿದ್ದ ಕಾರಣಗಳಲ್ಲಿ ಒಂದು ಬಹಳ ಸಾಮಾನ್ಯವಾದದ್ದು: ಸಾಮ್ರಾಜ್ಯದ ಸೈನಿಕರಲ್ಲಿ ದೊಡ್ಡ ಸಂಖ್ಯೆಯವರು ಸುಗ್ಗಿಯ ರಜೆಯ ಮೇಲೆ ಊರಿಗೆ ಹೋಗಿದ್ದರು, ಅವರನ್ನು ಅರ್ಧದಲ್ಲಿ ಕರೆಸಿಕೊಂಡರೆ ಬೆಳೆಯೂ ಕೆಡುತ್ತಿತ್ತು, ಗುಟ್ಟೂ ಬಯಲಾಗುತ್ತಿತ್ತು. ಎರಡನೆಯದು, ಫ್ರಾನ್ಸಿನ ಅಧ್ಯಕ್ಷ ಪುವಾಂಕಾರೆ ಜುಲೈ 20ರಿಂದ 23ರವರೆಗೆ ರಷ್ಯಾದ ರಾಜಧಾನಿಯಲ್ಲಿದ್ದರು. ಮಿತ್ರದೇಶಗಳಾದ ಫ್ರಾನ್ಸ್ ಮತ್ತು ರಷ್ಯಾದ ನಾಯಕರು ಒಂದೇ ಊರಿನಲ್ಲಿರುವಾಗ ಸರ್ಬಿಯಾಕ್ಕೆ ಎಚ್ಚರಿಕೆಯ ಪತ್ರ ಕೊಡುವುದು ಆಸ್ಟ್ರಿಯಾಕ್ಕೆ ಬೇಕಿರಲಿಲ್ಲ. ಅವರ ಹಡಗು ಹೊರಡುವ ಹೊತ್ತಿಗೆ, ಜುಲೈ 23ರ ಸಂಜೆ, 48 ಗಂಟೆಗಳ ಗಡುವಿನ ಪತ್ರ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್ ತಲುಪಿತು. ಜುಲೈ 25ರ ಸಂಜೆ ಆರು ಗಂಟೆಗೆ ಗಡುವು ಮುಗಿಯಬೇಕಿತ್ತು. ಸರ್ಬಿಯಾದ ಪ್ರಧಾನಿ ಪಾಶಿಚ್ ಅದಕ್ಕೆ ಕೆಲವೇ ನಿಮಿಷಗಳ ಮುಂಚೆ ಖುದ್ದಾಗಿ ಉತ್ತರ ತಂದುಕೊಟ್ಟರು. ಬಹುತೇಕ ಬೇಡಿಕೆಗಳಿಗೆ ಒಪ್ಪಿಗೆಯಿದ್ದ ಆ ಉತ್ತರದ ಮೇಲೆ ಕಣ್ಣಾಡಿಸಿದ ಆಸ್ಟ್ರಿಯಾದ ರಾಯಭಾರಿ, ಪೂರ್ತಿ ಒಪ್ಪಿಗೆ ಇಲ್ಲವೆಂದು ಸಂಬಂಧ ಕಡಿದುಕೊಂಡು ಆರೂವರೆಯ ರೈಲು ಹತ್ತಿದ. ಗಂಟು ಮೂಟೆ ಮೊದಲೇ ಸಿದ್ಧವಾಗಿತ್ತು ಎಂಬುದರಲ್ಲಿ ಅನುಮಾನವೇ ಇಲ್ಲ. ಮೂರು ದಿನಗಳ ನಂತರ, ಜುಲೈ 28ರಂದು, ಆಸ್ಟ್ರಿಯಾ ಯುದ್ಧ ಘೋಷಿಸಿತು.

ಅಲ್ಲಿಯವರೆಗೂ ಇದು ಬಾಲ್ಕನ್ ಪ್ರದೇಶದ ಒಂದು ಜಗಳ. ಜುಲೈ 29ರಿಂದ ಆಗಸ್ಟ್ 4ರವರೆಗಿನ ಒಂದು ವಾರ ಅದನ್ನು ಮಹಾಯುದ್ಧವನ್ನಾಗಿ ಮಾಡಿತು, ಮತ್ತು ಆ ವಾರದಲ್ಲಿ ಮಂತ್ರಿಗಳಿಗಿಂತ ಹೆಚ್ಚಿನ ಅಧಿಕಾರ ನಡೆಸಿದ್ದು ರೈಲ್ವೆ ವೇಳಾಪಟ್ಟಿ. ಅಂದಿನ ಸೈನ್ಯಗಳು ಮೀಸಲು ಸೈನಿಕರನ್ನು ಕರೆಸಿ, ರೈಲಿನಲ್ಲಿ ಗಡಿಗೆ ಸಾಗಿಸಿದ ಮೇಲೆಯೇ ಹೋರಾಡಬಲ್ಲವಾಗಿದ್ದವು. ಸರ್ಬಿಯಾದ ಬೆಂಬಲಕ್ಕೆ ನಿಂತಿದ್ದ ರಷ್ಯಾದ ವಿಸ್ತಾರ ದೊಡ್ಡದು, ರೈಲುಗಳು ಕಡಿಮೆ. ಆದ್ದರಿಂದ ಅದು ಬೇಗ ಆರಂಭಿಸಬೇಕಿತ್ತು. ಜರ್ಮನಿಯ ಇಡೀ ಯೋಜನೆ ರಷ್ಯಾ ನಿಧಾನವಾಗಿ ಸಜ್ಜಾಗುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿತ್ತು: ಆ ಕೆಲವು ವಾರಗಳಲ್ಲಿ ಬೆಲ್ಜಿಯಂ ಮೂಲಕ ನುಗ್ಗಿ ಫ್ರಾನ್ಸನ್ನು ಸೋಲಿಸಿ, ಆಮೇಲೆ ಪೂರ್ವಕ್ಕೆ ತಿರುಗಬೇಕು. ಹೀಗಾಗಿ ರಷ್ಯಾದ ಸೇನಾ ಜಮಾವಣೆಯನ್ನು ಜರ್ಮನಿ ಎಚ್ಚರಿಕೆಯ ಕ್ರಮವೆಂದು ನೋಡುವ ಸ್ಥಿತಿಯಲ್ಲಿರಲಿಲ್ಲ. ಒಂದೊಂದು ದಿನ ಕಳೆದಂತೆಯೂ ಅದರ ಯೋಜನೆ ಕುಸಿಯುತ್ತಿತ್ತು. ಜುಲೈ 29ರ ರಾತ್ರಿ ರಷ್ಯಾದ ಚಕ್ರವರ್ತಿ ತ್ಸಾರ್ ಪೂರ್ಣ ಜಮಾವಣೆಯ ಆದೇಶವನ್ನು ಕೈಸರ್‌ನ ತಂತಿ ನೋಡಿ ಹಿಂತೆಗೆದುಕೊಂಡ. ಮರುದಿನ ಮಧ್ಯಾಹ್ನ ತನ್ನ ಸೇನಾಧಿಕಾರಿಗಳ ಒತ್ತಾಯಕ್ಕೆ ಮಣಿದು ಮತ್ತೆ ಹೊರಡಿಸಿದ. ಆಗಸ್ಟ್ 1ರಂದು ಜರ್ಮನಿ ರಷ್ಯಾದ ಮೇಲೆ ಯುದ್ಧ ಘೋಷಿಸಿತು. ಅದೇ ಸಂಜೆ, ಬ್ರಿಟನ್ ತಟಸ್ಥವಾಗಿ ಉಳಿಯಬಹುದು ಎಂಬ ತಪ್ಪು ಸುಳಿವು ಸಿಕ್ಕ ಕೈಸರ್, ಹಾಗಾದರೆ ಇಡೀ ಸೈನ್ಯವನ್ನು ಪೂರ್ವಕ್ಕೆ ಮಾತ್ರ ಕಳಿಸೋಣ ಎಂದ. ಸೇನಾ ಮುಖ್ಯಸ್ಥ ಮೋಲ್ಟ್‌ಕೆ ಅದು ಸಾಧ್ಯವಿಲ್ಲವೆಂದು ಉತ್ತರಿಸಿದ. ಲಕ್ಷಾಂತರ ಸೈನಿಕರ ಸಾಗಣೆಯನ್ನು ರಾತ್ರೋರಾತ್ರಿ ಬದಲಿಸಿದರೆ ಕೈಗೆ ಸಿಗುವುದು ಸೈನ್ಯವಲ್ಲ, ಗೊಂದಲದ ಗುಂಪು ಎಂಬುದು ಅವನ ವಾದ. ಒಂದು ಸಾಮ್ರಾಜ್ಯದ ಚಕ್ರವರ್ತಿಯೇ ಯುದ್ಧದ ದಿಕ್ಕನ್ನು ಬದಲಿಸಬೇಕೆಂದಾಗ ಅವನ ಕೈಯಲ್ಲಿ ಬೇರೆ ಯೋಜನೆಯೇ ಇರಲಿಲ್ಲ ಎಂಬ ಸಂಗತಿಯನ್ನು ಇಂದಿನ ಸೇನಾ ತಜ್ಞರೂ ರಾಜತಾಂತ್ರಿಕರೂ ಮತ್ತೆ ಮತ್ತೆ ಓದಬೇಕು. ಆಗಸ್ಟ್ 3ರಂದು ಫ್ರಾನ್ಸಿನ ಮೇಲೆ ಘೋಷಣೆ, 4ರಂದು ಬೆಲ್ಜಿಯಂ ಪ್ರವೇಶ. ಬೆಲ್ಜಿಯಂನ ತಟಸ್ಥತೆಗೆ 1839ರ ಒಪ್ಪಂದದಲ್ಲಿ ಖಾತರಿ ಕೊಟ್ಟಿದ್ದ ಬ್ರಿಟನ್ ಅದೇ ರಾತ್ರಿ ಯುದ್ಧಕ್ಕಿಳಿಯಿತು.

ಬ್ರಿಟನ್ನಿನ ಘೋಷಣೆಯೊಂದಿಗೆ ಭಾರತವೂ ಯುದ್ಧದಲ್ಲಿತ್ತು; ಇಲ್ಲಿಯ ಜನರನ್ನು ಯಾರೂ ಕೇಳಲಿಲ್ಲ. ಏಳು ವಾರಗಳೊಳಗೆ, ಸೆಪ್ಟೆಂಬರ್ 22ರ ರಾತ್ರಿ, ಜರ್ಮನಿಯ ಎಮ್ಡೆನ್ ಯುದ್ಧನೌಕೆ ಮದ್ರಾಸಿನ ಬಂದರಿನ ಎದುರು ನಿಂತು ಬರ್ಮಾ ಆಯಿಲ್ ಕಂಪನಿಯ ತೈಲ ಟ್ಯಾಂಕುಗಳಿಗೆ ಗುಂಡು ಹಾರಿಸಿ ಬೆಂಕಿ ಹಚ್ಚಿತು. ಸತ್ತವರು ಬೆರಳೆಣಿಕೆಯಷ್ಟು ಮಂದಿ. ಆದರೆ ಊರು ಬಿಟ್ಟು ಹೋದವರು ಸಾವಿರಾರು.

ಯುದ್ಧ ರಣರಂಗದಿಂದ ದೂರದ ಒಳನಾಡನ್ನು ಮೊದಲು ಮುಟ್ಟಿದ್ದು ಹಣದ ಮೂಲಕ, ಅದೂ ಬ್ರಿಟನ್ ಯುದ್ಧಕ್ಕಿಳಿಯುವ ಮುಂಚೆ. ಲಂಡನ್ನಿನ ಷೇರುಪೇಟೆ ಜುಲೈ 31ರಂದು ಬಾಗಿಲು ಹಾಕಿತು, ಮತ್ತೆ ತೆರೆದದ್ದು 1915ರ ಜನವರಿ 4ರಂದು. ನ್ಯೂಯಾರ್ಕಿನದೂ ಅದೇ ದಿನ ಮುಚ್ಚಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಬಡ್ಡಿದರವನ್ನು ಶೇ 10ಕ್ಕೆ ಏರಿಸಿತು, ಬ್ಯಾಂಕುಗಳ ರಜೆಯನ್ನು ಮುಂದುವರಿಸಲಾಯಿತು, ರಜೆ ಮುಗಿಯುವ ಹೊತ್ತಿಗೆ, ಆಗಸ್ಟ್ 7ರಂದು, ಜನರ ಕೈಗೆ ಚಿನ್ನದ ನಾಣ್ಯದ ಬದಲು ಒಂದು ಪೌಂಡಿನ ಕಾಗದದ ನೋಟು ಬಂತು. ಜರ್ಮನಿ ನೋಟಿಗೆ ಚಿನ್ನ ಕೊಡುವುದನ್ನೇ ನಿಲ್ಲಿಸಿತು. ಯುದ್ಧ ಕ್ರಿಸ್‌ಮಸ್ ಹೊತ್ತಿಗೆ ಮುಗಿಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದ ದಿನಗಳಲ್ಲಿಯೇ, ದೀರ್ಘ ಯುದ್ಧಕ್ಕೆ ಬೇಕಾದ ಸಾಧನ, ಅಂದರೆ ಬೇಕಾದಷ್ಟು ಹಣ ಮುದ್ರಿಸುವ ಸ್ವಾತಂತ್ರ್ಯ, ಸರ್ಕಾರಗಳ ಕೈಸೇರಿತ್ತು.

ಆಮೇಲಿನ ನಾಲ್ಕು ವರ್ಷಗಳ ಒಳನಾಡಿನ ಕಥೆಯನ್ನು ಅನ್ನದ ಕಥೆಯೆಂದೇ ಓದಬೇಕು ಎಂಬುದು ನನ್ನ ವಾದ. ಜರ್ಮನಿ 1918ರಲ್ಲಿ ಬರಿ ಫಿರಂಗಿಗಳಿಂದ ಸೋಲಲಿಲ್ಲ. ಬ್ರಿಟನ್ನಿನ ನೌಕಾಪಡೆ ಉತ್ತರ ಸಮುದ್ರವನ್ನು ಮುಚ್ಚಿದ ಮೇಲೆ ಚಿಲಿ ದೇಶದಿಂದ ಬರುತ್ತಿದ್ದ ಸಾರಜನಕದ ಲವಣ ನಿಂತುಹೋಯಿತು. ಆ ಲವಣ ಹೊಲಕ್ಕೆ ಗೊಬ್ಬರವೂ ಹೌದು, ಸಿಡಿಮದ್ದಿಗೆ ಮೂಲವಸ್ತುವೂ ಹೌದು. ಜರ್ಮನಿಯ ರಸಾಯನ ವಿಜ್ಞಾನಿಗಳ ಬಳಿ ಇದಕ್ಕೆ ಪರಿಹಾರವಿತ್ತು: ಗಾಳಿಯಲ್ಲಿರುವ ಸಾರಜನಕದಿಂದಲೇ ಅಮೋನಿಯ ತಯಾರಿಸುವ ಹಾಬರ್-ಬಾಷ್ ವಿಧಾನದ ಕಾರ್ಖಾನೆ 1913ರಲ್ಲಿಯೇ ಒಪ್ಪೌ ಎಂಬಲ್ಲಿ ಆರಂಭವಾಗಿತ್ತು. ಆದರೆ ಹಾಗೆ ತಯಾರಾದ ಸಾರಜನಕ ಮೊದಲು ಸಿಡಿಮದ್ದಿನ ಕಾರ್ಖಾನೆಗೆ ಹೋಯಿತು. ಹೊಲಕ್ಕೆ ಉಳಿದದ್ದು ಕಡಿಮೆ. ರೈತರು ಮತ್ತು ಕುದುರೆಗಳು ಸೈನ್ಯಕ್ಕೆ ಹೋಗಿದ್ದವು. ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಯಿತು.

ಇದರ ಮೇಲೆ ಅಧಿಕಾರಿಗಳ ತಪ್ಪು ಲೆಕ್ಕಗಳೂ ಸೇರಿಕೊಂಡವು. 1915ರ ವಸಂತದಲ್ಲಿ, ಹಂದಿಗಳು ಮನುಷ್ಯರ ಆಲೂಗಡ್ಡೆಯನ್ನು ತಿಂದುಹಾಕುತ್ತಿವೆ ಎಂದು ತೀರ್ಮಾನಿಸಿ ಲಕ್ಷಗಟ್ಟಲೆ ಹಂದಿಗಳನ್ನು ಕೊಲ್ಲಿಸಲಾಯಿತು. ಕೆಲವು ವಾರ ಪೇಟೆಯಲ್ಲಿ ಮಾಂಸ ತುಂಬಿತು. ಆಮೇಲೆ ಮಾಂಸವೂ ಇಲ್ಲ, ಕೊಬ್ಬೂ ಇಲ್ಲ, ಹೊಲಕ್ಕೆ ಹಾಕಲು ಹಂದಿಗೊಬ್ಬರವೂ ಇಲ್ಲ. ಆಲೂಗಡ್ಡೆಗೆ ಗರಿಷ್ಠ ಬೆಲೆ ಕಟ್ಟಿದರೆ ರೈತ ಅದನ್ನು ಜಾನುವಾರಿಗೆ ತಿನ್ನಿಸಿದ. ಧಾನ್ಯಕ್ಕೆ ಕಟ್ಟಿದರೆ ಅದು ಕಾಳಸಂತೆಗೆ ಹೋಯಿತು. ಬರ್ಲಿನ್‌ನಲ್ಲಿ 1915ರ ಆರಂಭದಲ್ಲಿಯೇ ಬ್ರೆಡ್ಡಿಗೆ ರೇಷನ್ ಚೀಟಿ ಬಂದಿತ್ತು, ಹಿಟ್ಟಿಗೆ ಆಲೂಗಡ್ಡೆ ಬೆರೆಸಿದ ‘ಯುದ್ಧದ ಬ್ರೆಡ್ಡು’ ಬಂದಿತ್ತು. 1916ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಫಸಲು ಕೈಕೊಟ್ಟಾಗ, ಆ ಚಳಿಗಾಲವನ್ನು ನಗರದ ಜನ ದನಕ್ಕೆ ಹಾಕುವ ಟರ್ನಿಪ್ ಗೆಡ್ಡೆ ತಿಂದು ಕಳೆದರು. ಜರ್ಮನ್ನರು ಅದನ್ನು ಇಂದಿಗೂ ಟರ್ನಿಪ್ ಚಳಿಗಾಲ ಎಂದೇ ನೆನೆಯುತ್ತಾರೆ. ಗೆಡ್ಡೆಯ ಸಾರು, ಗೆಡ್ಡೆಯ ಬ್ರೆಡ್ಡು, ಗೆಡ್ಡೆಯ ಜಾಮು, ಹುರಿದ ಗೆಡ್ಡೆಯ ಕಾಫಿ. ಬೆಳಗಿನ ಜಾವದಿಂದ ಅಂಗಡಿಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವರು ಹೆಚ್ಚಾಗಿ ಹೆಂಗಸರು. ರಾತ್ರಿ ಪಾಳಿ ಮುಗಿಸಿ ಕಾರ್ಖಾನೆಯಿಂದ ನೇರವಾಗಿ ಸಾಲಿಗೆ ಬರುತ್ತಿದ್ದವರೂ ಅವರಲ್ಲಿದ್ದರು. ದಿಗ್ಬಂಧನದ ಕಾಲದಲ್ಲಿ ಆಹಾರದ ಕೊರತೆಯಿಂದ ಮತ್ತು ಅದರಿಂದ ಬಂದ ಕಾಯಿಲೆಗಳಿಂದ ಸತ್ತ ಜರ್ಮನ್ ನಾಗರಿಕರ ಸಂಖ್ಯೆಯನ್ನು ಇತಿಹಾಸಕಾರರು 4 ಲಕ್ಷದಿಂದ 7.6 ಲಕ್ಷದವರೆಗೆ ಅಂದಾಜು ಮಾಡುತ್ತಾರೆ.

ಬ್ರಿಟನ್ನಿನ ಸ್ಥಿತಿ ಮೇಲ್ನೋಟಕ್ಕೆ ಇನ್ನೂ ನಾಜೂಕಾಗಿತ್ತು. ಆ ದೇಶ ತಿನ್ನುವ ಗೋಧಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಹಡಗಿನಲ್ಲಿ ಬರುತ್ತಿತ್ತು. 1917ರ ಫೆಬ್ರುವರಿಯಿಂದ ಜರ್ಮನ್ ಜಲಾಂತರ್ಗಾಮಿಗಳು ಕಂಡಕಂಡ ಹಡಗನ್ನು ಮುಳುಗಿಸತೊಡಗಿದವು. ಆದರೂ ಲಂಡನ್ ಹಸಿವಿನಿಂದ ಕಂಗೆಡಲಿಲ್ಲ. ಹಡಗುಗಳನ್ನು ಬೆಂಗಾವಲಿನ ಗುಂಪುಗಳಾಗಿ ಸಾಗಿಸಿದ್ದು ಒಂದು ಕಾರಣ. ಎರಡನೆಯ ಕಾರಣ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ: ಬ್ರೆಡ್ಡಿನ ಬೆಲೆ ಬಡವರ ಕೈಮೀರಿ ಹೋಗದಂತೆ 1917ರ ಸೆಪ್ಟೆಂಬರಿನಲ್ಲಿ ಸರ್ಕಾರವೇ ಸಬ್ಸಿಡಿ ಕೊಟ್ಟು ನಾಲ್ಕು ಪೌಂಡಿನ ಬ್ರೆಡ್ಡನ್ನು ಒಂಬತ್ತು ಪೆನ್ಸಿಗೆ ನಿಲ್ಲಿಸಿತು, ಮತ್ತು 1918ರಲ್ಲಿ ಸಕ್ಕರೆ, ಮಾಂಸ, ಬೆಣ್ಣೆಗೆ ರೇಷನ್ ತಂದಾಗ ಸಿರಿವಂತರ ಮನೆಗೂ ಅದೇ ಅಳತೆ ಎಂಬ ಭಾವನೆ ಜನರಲ್ಲಿ ಮೂಡಿತು. ಕೊರತೆ ಎರಡೂ ದೇಶಗಳಲ್ಲಿತ್ತು, ಆದರೆ ಅದನ್ನು ಹಂಚಿದ ರೀತಿ ಬೇರೆಯಾಗಿತ್ತು. ರಷ್ಯಾದ ಉದಾಹರಣೆ ಇದಕ್ಕಿಂತಲೂ ಕಠೋರ. ಅಲ್ಲಿ ಒಟ್ಟಾರೆ ಧಾನ್ಯಕ್ಕೆ ಅಂಥ ಬರವಿರಲಿಲ್ಲ. ಧಾನ್ಯ ಬೆಳೆಯುವ ದಕ್ಷಿಣದಿಂದ ರಾಜಧಾನಿಗೆ ಅದನ್ನು ತರಬೇಕಾದ ರೈಲುಗಳು ಸೈನ್ಯದ ಕೆಲಸದಲ್ಲಿದ್ದವು, ಮತ್ತು ನೋಟಿನ ಬೆಲೆ ಕುಸಿದ ಮೇಲೆ ರೈತರಿಗೆ ಧಾನ್ಯ ಮಾರುವ ಆಸಕ್ತಿ ಉಳಿಯಲಿಲ್ಲ. 1917ರ ಮಾರ್ಚ್ 8ರಂದು, ಅಂತಾರಾಷ್ಟ್ರೀಯ ಮಹಿಳಾ ದಿನದಂದು, ರಾಜಧಾನಿ ಪೆಟ್ರೊಗ್ರಾಡಿನ ಜವಳಿ ಗಿರಣಿಗಳ ಹೆಣ್ಣುಮಕ್ಕಳು ಬ್ರೆಡ್ಡು ಕೇಳುತ್ತ ಬೀದಿಗೆ ಬಂದರು. ಒಂದು ವಾರದಲ್ಲಿ ತ್ಸಾರ್ ಸಿಂಹಾಸನ ಬಿಟ್ಟಿದ್ದ. ಮುನ್ನೂರು ವರ್ಷಗಳ ರಾಜವಂಶವನ್ನು ಉರುಳಿಸಿದ ಚಳವಳಿ ಬ್ರೆಡ್ಡಿನ ಸಾಲಿನಲ್ಲಿ ಹುಟ್ಟಿತು.

ಕೆಲಸದ ಜಗತ್ತೂ ಬದಲಾಯಿತು. ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಿಗೆ ಲಕ್ಷಾಂತರ ಮಹಿಳೆಯರು ಸೇರಿದರು. ಟಿಎನ್‌ಟಿ ಎಂಬ ಸಿಡಿಮದ್ದು ತುಂಬುವ ಕೆಲಸದಲ್ಲಿದ್ದವರ ಚರ್ಮ, ಕೂದಲು ಹಳದಿಯಾಗುತ್ತಿತ್ತು, ಯಕೃತ್ತು ಕೆಟ್ಟು ಸತ್ತವರೂ ಇದ್ದರು. ಅವರಿಗೆ ಗಂಡಸರ ಸಮನಾದ ಕೂಲಿ ಸಿಗಲಿಲ್ಲ. 1918ರ ಫೆಬ್ರುವರಿಯಲ್ಲಿ ಮೂವತ್ತು ವರ್ಷ ದಾಟಿದ, ಆಸ್ತಿಯ ಅರ್ಹತೆಯುಳ್ಳ ಮಹಿಳೆಯರಿಗೆ ಮತದಾನದ ಹಕ್ಕು ಬಂದಾಗ, ಕಾರ್ಖಾನೆಗಳಲ್ಲಿ ದುಡಿದ ಇಪ್ಪತ್ತರ ಹರೆಯದ ಹುಡುಗಿಯರು ಅದರಿಂದ ಹೊರಗೇ ಉಳಿದರು ಎಂಬುದನ್ನು ಯುದ್ಧ ಮಹಿಳೆಯರಿಗೆ ಸ್ವಾತಂತ್ರ್ಯ ತಂದಿತು ಎಂದು ಬರೆಯುವವರು ಮರೆಯಬಾರದು.

ಇನ್ನು ಕನ್ನಡ ನಾಡಿಗೆ ಬರೋಣ. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಅಶ್ವದಳ ಈಜಿಪ್ಟಿಗೆ ಹೋಗಿ, ಸೂಯೆಜ್ ಕಾಲುವೆ ಕಾದು, 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಂದಿಗೆ ಹೈಫಾ ಪಟ್ಟಣವನ್ನು ಗೆದ್ದ ಕಥೆ ಈಗ ಸಾಕಷ್ಟು ಪ್ರಚಾರದಲ್ಲಿದೆ. ಅಷ್ಟು ಪ್ರಚಾರ ಸಿಗದ, ಆದರೆ ನಮ್ಮ ಜೀವನವನ್ನು ಹೆಚ್ಚು ಬದಲಿಸಿದ ಸಂಗತಿ ಗಂಧದ ಮರದ್ದು. ಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧ ಹರಾಜಾಗಿ ಹಡಗೇರಿ, ಅದರಲ್ಲಿ ದೊಡ್ಡ ಪಾಲು ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. 1914ರ ಆಗಸ್ಟಿನಲ್ಲಿ ಆ ಪೇಟೆ ಒಮ್ಮೆಗೇ ಮುಚ್ಚಿಹೋಯಿತು. ಕಡಿದ ಕೊರಡುಗಳು ಗೋದಾಮುಗಳಲ್ಲಿ ಉಳಿದವು, ಸಂಸ್ಥಾನದ ವರಮಾನಕ್ಕೆ ಏಟು ಬಿತ್ತು. ದಿವಾನ ವಿಶ್ವೇಶ್ವರಯ್ಯನವರೂ ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಅವರೂ ಎಣ್ಣೆಯನ್ನು ಇಲ್ಲಿಯೇ ಏಕೆ ತೆಗೆಯಬಾರದು ಎಂಬ ಪ್ರಶ್ನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಿಟ್ಟರು. ಅಲ್ಲಿಯ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಬಟ್ಟಿ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು. 1916-17ರ ಹೊತ್ತಿಗೆ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ನಿಂತವು, ಅದರ ಬೆನ್ನಿಗೇ ಸರ್ಕಾರಿ ಸಾಬೂನು ಕಾರ್ಖಾನೆ ಬಂತು. ಮೈಸೂರು ಸ್ಯಾಂಡಲ್ ಸೋಪಿನ ಹುಟ್ಟಿಗೆ ಉತ್ತರ ಸಮುದ್ರದ ದಿಗ್ಬಂಧನ ಒಂದು ನೇರ ಕಾರಣ. ಯುದ್ಧದಿಂದ ಒಳ್ಳೆಯದೂ ಆಗುತ್ತದೆ ಎಂಬ ಸಮರ್ಥನೆಗೆ ಇದನ್ನು ಬಳಸುವುದು ಸರಿಯಲ್ಲ. ವಿಜ್ಞಾನ ಸಂಸ್ಥೆ 1909ರಿಂದಲೇ ಇತ್ತು, ಕೈಗಾರಿಕಾ ಇಲಾಖೆ ಇತ್ತು, ಕೇಳುವ ದಿವಾನರಿದ್ದರು. ಅವು ಇಲ್ಲದಿದ್ದ ಕಡೆ ಅದೇ ಯುದ್ಧ ಬರಿ ಗೋದಾಮು ತುಂಬಿಸಿ ಹೋಯಿತು.

ಕರಾವಳಿಯಲ್ಲಿ ನಡೆದದ್ದು ಇದಕ್ಕೆ ವಿರುದ್ಧ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅಲ್ಲಿ ಶಾಲೆ, ಮುದ್ರಣಾಲಯ, ನೇಯ್ಗೆ ಕೇಂದ್ರಗಳನ್ನು ನಡೆಸಿಕೊಂಡು ಬಂದಿತ್ತು. 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಅದರ ಹೆಂಚಿನ ಕಾರ್ಖಾನೆಯಿಂದಲೇ ‘ಮಂಗಳೂರು ಹೆಂಚು’ ಊರೂರಿಗೆ ಹೋದದ್ದು. ಸಂಸ್ಥೆ ಸ್ವಿಟ್ಜರ್ಲೆಂಡಿನದಾದರೂ ಅದರ ಪಾದ್ರಿಗಳಲ್ಲಿ ಬಹಳಷ್ಟು ಮಂದಿ ಜರ್ಮನ್ನರು. ಯುದ್ಧ ಆರಂಭವಾದ ಮೇಲೆ ಅವರು ಶತ್ರುದೇಶದ ಪ್ರಜೆಗಳೆನಿಸಿದರು, ಅಹಮದ್‌ನಗರದ ಶಿಬಿರಕ್ಕೆ ಹೋದರು, ಬಳಿಕ ದೇಶದಿಂದಲೇ ಹೊರಹೋಗಬೇಕಾಯಿತು. ಕಾರ್ಖಾನೆಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಯುದ್ಧದ ನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಹೋದವು. ತುಳು, ಕನ್ನಡ ಮಾತನಾಡುತ್ತ, ಇಲ್ಲಿಯೇ ಬದುಕು ಕಟ್ಟಿಕೊಂಡವರನ್ನು ಒಂದು ಅಧಿಸೂಚನೆ ಪರಕೀಯರನ್ನಾಗಿ ಮಾಡಿದ್ದು, ಅವರನ್ನು ನಂಬಿಕೊಂಡಿದ್ದ ಸ್ಥಳೀಯ ಕೆಲಸಗಾರರು ಮಾಲೀಕರ ಬದಲಾವಣೆಯನ್ನು ನೋಡುತ್ತ ನಿಂತದ್ದು, ಇವೂ ಒಳನಾಡಿನ ಯುದ್ಧವೇ. ಬಳ್ಳಾರಿಯಲ್ಲಿ ಅದೇ ಕಾಲಕ್ಕೆ ಸೆರೆಸಿಕ್ಕ ತುರ್ಕಿ ಸೈನಿಕರ ಶಿಬಿರವಿತ್ತು.

ಸಾಮಾನ್ಯ ಜನರಿಗೆ ಯುದ್ಧ ತಟ್ಟಿದ್ದು ಸಂತೆಯಲ್ಲಿ. ಇಂಗ್ಲೆಂಡಿನ ಲ್ಯಾಂಕಾಷೈರಿನ ಬಟ್ಟೆ ಬರುವುದು ಕಡಿಮೆಯಾಗಿ ಬಟ್ಟೆಯ ಬೆಲೆ ಏರಿತು. ಉಪ್ಪು, ಸೀಮೆಎಣ್ಣೆ ದುಬಾರಿಯಾದವು. ಸೈನಿಕರ ಸಂಬಳಕ್ಕೆ, ಧಾನ್ಯ ಮತ್ತು ಸೆಣಬಿನ ಖರೀದಿಗೆ ಬೇಕಾದಷ್ಟು ಬೆಳ್ಳಿ ರೂಪಾಯಿಗಳನ್ನು ಟಂಕಿಸಲು ಬೆಳ್ಳಿಯೇ ಸಾಲದಾಯಿತು. 1917ರ ನವೆಂಬರ್ 30ರಂದು ಭಾರತದಲ್ಲಿ ಮೊದಲ ಬಾರಿಗೆ ಒಂದು ರೂಪಾಯಿಯ ನೋಟು ಬಂತು, ಕೆಲವೇ ವಾರಗಳಲ್ಲಿ ಎರಡೂವರೆ ರೂಪಾಯಿಯದೂ ಬಂತು. ಬೆಳ್ಳಿಯ ನಾಣ್ಯವನ್ನು ಕಲ್ಲಿನ ಮೇಲೆ ಕುಟ್ಟಿ ಅದರ ನಾದ ಕೇಳಿ ಪಡೆಯುತ್ತಿದ್ದ ರೈತನ ಕೈಗೆ ಕಾಗದ ಬಿದ್ದಾಗ ಅವನು ನಂಬಲಿಲ್ಲ. ಅನೇಕ ಕಡೆ ನೋಟನ್ನು ಮುಖಬೆಲೆಗಿಂತ ಕಡಿಮೆಗೆ ಮಾತ್ರ ತೆಗೆದುಕೊಳ್ಳುತ್ತಿದ್ದರು, ಆ ವ್ಯತ್ಯಾಸ ಸಾಹುಕಾರನ ಪಾಲಾಗುತ್ತಿತ್ತು. ಕೊನೆಗೆ ಅಮೆರಿಕ 1918ರಲ್ಲಿ ವಿಶೇಷ ಕಾನೂನು ಮಾಡಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತಕ್ಕೆ ಮಾರಿದ ಮೇಲೆಯೇ ನೋಟಿನ ಮೇಲಿನ ಅಪನಂಬಿಕೆ ಸ್ವಲ್ಪ ತಗ್ಗಿತು. ಇದೆಲ್ಲದರ ನಡುವೆ ಭಾರತದ ಬೊಕ್ಕಸದಿಂದ 10 ಕೋಟಿ ಪೌಂಡುಗಳನ್ನು 1917ರಲ್ಲಿ ಬ್ರಿಟನ್ನಿನ ಯುದ್ಧವೆಚ್ಚಕ್ಕೆ ‘ಕೊಡುಗೆ’ಯಾಗಿ ಕೊಡಲಾಗಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆ ಹೋದರು, 74 ಸಾವಿರ ಮಂದಿ ಮರಳಲಿಲ್ಲ.

ಆದರೆ ಆ ಯುದ್ಧಕಾಲದ ಅತಿ ದೊಡ್ಡ ಸಾವು ರಣರಂಗದಲ್ಲಿ ಆದದ್ದಲ್ಲ. 1918ರ ಜೂನ್ ಹೊತ್ತಿಗೆ ಬೊಂಬಾಯಿ ಬಂದರಿನಲ್ಲಿ ಇನ್‌ಫ್ಲುಯೆಂಜಾ ಕಾಣಿಸಿಕೊಂಡಿತು; ಸೈನಿಕರ ಹಡಗುಗಳು ಮತ್ತು ರೈಲುಗಳು ಅದನ್ನು ದೇಶದ ಉದ್ದಗಲಕ್ಕೆ ಒಯ್ದವು. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಧಾನ್ಯದ ಬೆಲೆ ಏರಿತ್ತು, ವೈದ್ಯರಲ್ಲಿ ಬಹಳಷ್ಟು ಮಂದಿ ಸೈನ್ಯದ ಸೇವೆಯಲ್ಲಿದ್ದರು. ಹಸಿದ ಮೈಗೆ ಬಂದ ಜ್ವರ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಇಂದಿನ ಭಾರತದ ಎಲ್ಲೆಯೊಳಗಿನ ಜನಸಂಖ್ಯೆ ಜನಗಣತಿಯ ಇತಿಹಾಸದಲ್ಲಿ ಇಳಿದದ್ದು 1911ರಿಂದ 1921ರ ಒಂದೇ ದಶಕದಲ್ಲಿ. ಯಾವ ಯುದ್ಧ ಸ್ಮಾರಕದ ಮೇಲೂ ಈ ಹೆಸರುಗಳಿಲ್ಲ, ಮತ್ತು ಯುದ್ಧದ ಬಲಿಗಳನ್ನು ಎಣಿಸುವಾಗ ಇವರನ್ನು ಬಿಟ್ಟುಬಿಡುವುದನ್ನು ನಾನು ಒಪ್ಪಲಾರೆ.

ಈಗಿನ ಕಾಲಕ್ಕೆ ಇದನ್ನು ಹೊಂದಿಸಿ ನೋಡಿದರೆ ದಾರಿಗಳು ಅವೇ ಇವೆ ಎಂಬುದು ಕಾಣುತ್ತದೆ. 2022ರಲ್ಲಿ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದ ಕೆಲವೇ ವಾರಗಳಲ್ಲಿ ನಮ್ಮ ಅಂಗಡಿಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಜಿಗಿಯಿತು, ಏಕೆಂದರೆ ಭಾರತ ಕೊಳ್ಳುವ ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಿನ ಪಾಲು ಉಕ್ರೇನಿನಿಂದ ಬರುತ್ತಿತ್ತು. ಮೇ 13ರಂದು ಭಾರತ ಗೋಧಿಯ ರಫ್ತನ್ನೇ ನಿಷೇಧಿಸಿತು. ವೈದ್ಯಕೀಯ ಓದಲು ಹೋಗಿದ್ದ ಹಾವೇರಿ ಜಿಲ್ಲೆಯ ಒಬ್ಬ ವಿದ್ಯಾರ್ಥಿ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಯೆಮೆನ್ ದೇಶದ ಹೂಥಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಆರಂಭಿಸಿದಾಗ, ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿಯನ್ನು ಇಟಲಿಗೂ ಜರ್ಮನಿಗೂ ಒಯ್ಯುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗಬೇಕಾಯಿತು. ಸಾಗಣೆ ವೆಚ್ಚ ಮತ್ತು ವಿಮೆಯ ದರ ಎರಡೂ ಏರಿದವು. 1914ರ ಜರ್ಮನಿಯಂತೆ ಇಂದಿನ ಭಾರತವೂ ಗೊಬ್ಬರಕ್ಕೆ ಪರರನ್ನು ನೆಚ್ಚಿಕೊಂಡಿದೆ: ಪೊಟ್ಯಾಷ್ ಪೂರ್ತಿಯಾಗಿ ಹೊರಗಿನದು, ಯೂರಿಯಾ ತಯಾರಿಸಲು ಬೇಕಾದ ನೈಸರ್ಗಿಕ ಅನಿಲದಲ್ಲಿ ದೊಡ್ಡ ಪಾಲು ಆಮದು. ಯುದ್ಧ ಹರಡುವ ಸೂಚನೆಗಳನ್ನು ನಾಯಕರ ಭಾಷಣಗಳಲ್ಲಿ ಹುಡುಕುವುದಕ್ಕಿಂತ ಹಡಗುಗಳ ವಿಮಾ ದರದಲ್ಲಿ, ಗೊಬ್ಬರದ ರಫ್ತು ನಿಷೇಧಗಳಲ್ಲಿ, ಮೀಸಲು ಸೈನಿಕರಿಗೆ ಹೋಗುವ ಕರೆಗಳಲ್ಲಿ ಹುಡುಕುವುದು ಹೆಚ್ಚು ವಿಶ್ವಾಸಾರ್ಹ. ನಮ್ಮ ಉಗ್ರಾಣಗಳಲ್ಲಿ ಎಷ್ಟು ಧಾನ್ಯವಿದೆ, ಮುಂಗಾರಿಗೆ ಮುಂಚೆ ಎಷ್ಟು ಗೊಬ್ಬರ ಜಿಲ್ಲೆಗಳನ್ನು ಸೇರಿದೆ ಎಂಬ ಪ್ರಶ್ನೆ ಈ ಅರ್ಥದಲ್ಲಿ ರಕ್ಷಣಾ ಪ್ರಶ್ನೆಯೂ ಹೌದು. ರೇಷನ್ ವ್ಯವಸ್ಥೆ ನಮ್ಮಲ್ಲಿ ಎರಡನೇ ಮಹಾಯುದ್ಧದ ಕೊರತೆಯ ದಿನಗಳಲ್ಲಿ ಬೇರುಬಿಟ್ಟದ್ದು. 1943ರಲ್ಲಿ ಅದು ಬಂಗಾಳದ ಹಳ್ಳಿಗಳನ್ನು ತಲುಪದೆ, ಕಲ್ಕತ್ತೆಯ ಯುದ್ಧೋದ್ಯಮಗಳ ನೌಕರರಿಗೆ ಅಗ್ಗದ ಅಕ್ಕಿಯ ಏರ್ಪಾಟು ಮಾತ್ರ ನಡೆದಿದ್ದರಿಂದ ಲಕ್ಷಾಂತರ ಗ್ರಾಮೀಣರು ಸತ್ತರು.

ಕೊರತೆ ಯಾವಾಗಲಾದರೂ ನೀಗುತ್ತದೆ. ಯುದ್ಧಕಾಲದ ಕಾನೂನುಗಳು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಬ್ರಿಟನ್ 1914ರ ಆಗಸ್ಟ್ 8ರಂದೇ ರಾಷ್ಟ್ರರಕ್ಷಣಾ ಕಾಯ್ದೆ ತಂದು, ಪತ್ರಿಕೆಗಳ ಸುದ್ದಿಯಿಂದ ಹಿಡಿದು ಮದ್ಯದಂಗಡಿಗಳ ವೇಳೆಯವರೆಗೆ ಎಲ್ಲವನ್ನೂ ನಿಯಂತ್ರಿಸಿತು. ಅಲ್ಲಿಯ ಜನ ಹಗಲು ಉಳಿಸಲು ಗಡಿಯಾರ ಮುಂದಿಡುವ ಪದ್ಧತಿ 1916ರ ಮೇ ತಿಂಗಳಿನದು, ಅದು ಇಂದಿಗೂ ನಡೆದಿದೆ. ಭಾರತದಲ್ಲಿ ಪಾಸ್‌ಪೋರ್ಟ್ ಕಡ್ಡಾಯವಾದದ್ದು ಯುದ್ಧಕಾಲದ ನಿಯಮದಿಂದ. ಯುದ್ಧ ಮುಗಿದ ಮೇಲೆ 1920ರಲ್ಲಿ ಅದಕ್ಕೆ ಶಾಶ್ವತ ಕಾಯ್ದೆಯೇ ಬಂತು. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಅಧಿಕಾರ ಕೊಟ್ಟ 1915ರ ಭಾರತ ರಕ್ಷಣಾ ಕಾಯ್ದೆಗೆ ಯುದ್ಧಾನಂತರ ಆರು ತಿಂಗಳ ಅವಧಿ ಮಾತ್ರ ಇತ್ತು. ಆ ಅವಧಿ ಮುಗಿಯುವುದನ್ನು ಸರ್ಕಾರ ಸಹಿಸಲಿಲ್ಲ. 1919ರ ಮಾರ್ಚ್‌ನಲ್ಲಿ ರೌಲಟ್ ಕಾಯ್ದೆ ತಂದಿತು. ಅದರ ವಿರುದ್ಧ ದೇಶ ಎದ್ದುನಿಂತಾಗ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್ ನಡೆಯಿತು.

ಸ್ವತಂತ್ರ ಭಾರತವೂ ಈ ಮಾತಿಗೆ ಹೊರತಾಗಿಲ್ಲ. ಚೀನಾದೊಂದಿಗಿನ 1962ರ ಯುದ್ಧ ಅಕ್ಟೋಬರ್ 20ರಿಂದ ನವೆಂಬರ್ 21ರವರೆಗೆ, ಒಂದು ತಿಂಗಳು ನಡೆಯಿತು. ಅದಕ್ಕಾಗಿ ಘೋಷಿಸಿದ ತುರ್ತುಸ್ಥಿತಿ 1968ರ ಜನವರಿಯವರೆಗೆ ಉಳಿಯಿತು. 1971ರ ಪಾಕಿಸ್ತಾನ ಯುದ್ಧ ಹದಿಮೂರು ದಿನಗಳಲ್ಲಿ ಮುಗಿಯಿತು. ಡಿಸೆಂಬರ್ 3ರಂದು ಘೋಷಿಸಿದ ಬಾಹ್ಯ ತುರ್ತುಸ್ಥಿತಿ 1977ರ ಮಾರ್ಚ್‌ವರೆಗೆ ಮುಂದುವರಿಯಿತು, ಮತ್ತು ಅದರ ಮೇಲೆಯೇ 1975ರ ಆಂತರಿಕ ತುರ್ತುಸ್ಥಿತಿಯನ್ನೂ ಹೇರಲಾಯಿತು. ಯುದ್ಧ ಬಂದರೆ ಎಣ್ಣೆ, ಗೊಬ್ಬರ, ಧಾನ್ಯಗಳ ದಾಸ್ತಾನಿನ ಲೆಕ್ಕವನ್ನು ಸರ್ಕಾರದಿಂದ ಕೇಳುವ ನಾಗರಿಕರು, ಅಂದು ಹೊರಡುವ ಪ್ರತಿಯೊಂದು ವಿಶೇಷ ಆಜ್ಞೆಯ ಮೇಲೂ ಅದು ಕೊನೆಗೊಳ್ಳುವ ತಾರೀಖನ್ನು ಬರೆಸಿಕೊಳ್ಳಬೇಕು, ಮತ್ತು ಆ ತಾರೀಖನ್ನು ಮುಂದೂಡಬೇಕೆಂದರೆ ಪ್ರತಿ ಬಾರಿಯೂ ಸಂಸತ್ತಿನಲ್ಲಿ ಬಹಿರಂಗವಾಗಿ ಮತ ಹಾಕಿಸಬೇಕು.